ಬೂತಕ್ಕನಿಗೆ ಓದಿ ಹೇಳಿದ ಹಾಳೆ

...ಅಥವಾ ಅದು ಬಾಳೆದಿಂಡಿನ ವಾಸನೆಯೇ ಅಲ್ಲದಿರಬಹುದು. ಒದ್ದೆ ಛತ್ರಿಗಳದ್ದಿರಬಹುದು. ಗಾಜಿನ ಕ್ಯಾಬಿನ್ನಿನೊಳಗೆ ಹಗಲೆಲ್ಲ ಸಿಕ್ಕಿಕೊಂಡಿರುತ್ತಿದ್ದ ಊರವರ ಉಸಿರಿನದಿರಬಹುದು. ಅಷ್ಟು ವರ್ಷಗಳ ಹಿಂದಿನ ವಾಸನೆಯನ್ನು ಮೂಗು ಥಟ್ಟನೆ ಗುರುತು ಹಿಡಿಯಿತು ಎಂದು ಬರೆಯುವವರನ್ನು ನಾನು ನಂಬುವುದಿಲ್ಲ, ಬರೆದವನು ನಾನೇ ಆದರೂ ಅಷ್ಟೆ. ನಡೆದದ್ದು ಇಷ್ಟು: ಕಳೆದ ತಿಂಗಳು ಚಿಕ್ಕಮಗಳೂರಿನಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿಕೊಂಡು, ಎಡ ಮೂತ್ರಪಿಂಡದಲ್ಲಿ ಸಣ್ಣದೊಂದು ಕಲ್ಲಿದೆ ಎಂಬ ಸುದ್ದಿಯೊಂದಿಗೆ ಹೊರಗೆ ಬಂದೆ. ಎದುರಿನ ಜ್ಯೂಸ್ ಅಂಗಡಿಯವನು ಬಾಳೆದಿಂಡು ಹೆಚ್ಚುತ್ತಿದ್ದ. ಹಸಿ, ಒಗರು, ಒಂದಿಷ್ಟು ಕೆಸರಿನಂಥ ವಾಸನೆ. ಸ್ಕ್ಯಾನಿಂಗ್ ಸೆಂಟರಿನ ಎದುರಿಗೇ ಅಂಗಡಿ ಇಟ್ಟವನ ಬುದ್ಧಿಗೆ ನಗು ಬಂತು. ನಗುತ್ತಿದ್ದ ಹಾಗೆಯೇ ಬೂತಕ್ಕ ನೆನಪಾದರು.

ಊರವರು ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ಕಳಸದ ಬಸ್‌ಸ್ಟ್ಯಾಂಡಿನಿಂದ ತುಸು ಮೇಲೆ ಎಸ್‌ಟಿಡಿ ಬೂತು ನಡೆಸುತ್ತಿದ್ದ ಹೆಂಗಸು. ತೊಂಬತ್ತರ ದಶಕದ ನಡುವಿನ ಮಾತು. ನಾನು ಅಲ್ಲಿನ ಜೂನಿಯರ್ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಲು ತಾತ್ಕಾಲಿಕ ನೇಮಕದ ಮೇಲೆ ಹೋಗಿದ್ದೆ. ಬೂತಿನ ಮೇಲಿನ ಕೋಣೆ ನನ್ನ ಬಿಡಾರ. ಅವರಿಗೆ ಆಗ ನಲವತ್ತಿರಬೇಕು. ನನಗೆ ಇಪ್ಪತ್ತಾರು, ಆ ವಯಸ್ಸಿನವನಿಗೆ ನಲವತ್ತು ಎಂದರೆ ಮುದಿತನದ ಹೊಸಿಲು. ಯಾರಾದರೂ "ಬೂತಕ್ಕಾ" ಎಂದು ಎಳೆದು ಕರೆದರೆ ಒಳಗಿನಿಂದಲೇ ಉತ್ತರ ಬರುತ್ತಿತ್ತು: "ಭೂತ ಅಲ್ಲ ಮಾರಾಯ, ಬೂತು. ಭೂತವೇ ಬೇಕು ಅಂದ್ರೆ ಕೋಲ ಕೊಡ್ಸು, ಬರ್ತೀನಿ."

ಅವರ ಗಂಡ ಎಸ್ಟೇಟೊಂದರಲ್ಲಿ ಮರಗಸಿ ಮಾಡುವಾಗ, ಎಂದರೆ ಕಾಫಿಗಿಡಗಳಿಗೆ ಬೆಳಕು ಬೀಳಲೆಂದು ಮೇಲಿನ ನೆರಳುಮರಗಳ ಕೊಂಬೆ ಕಡಿಯುವಾಗ, ತೀರಿಕೊಂಡಿದ್ದರು. "ಮರಗಸಿಯಲ್ಲಿ ಹೋದ" ಎಂದು ಊರವರು ಹೇಳುತ್ತಿದ್ದರು. ಮರದಿಂದ ಬಿದ್ದು ಹೋದರು ಎಂದು ನಾನು ಅರ್ಥ ಮಾಡಿಕೊಂಡೆ. ಬಿದ್ದರು ಎಂದು ಯಾರೂ ನನಗೆ ಹೇಳಿರಲಿಲ್ಲ. ಆ ಒಂದು ಮಾತನ್ನು ನಾನೇ ಸೇರಿಸಿಕೊಂಡಿದ್ದೆ. ವಿಧವೆಯರಿಗೆ, ಅಂಗವಿಕಲರಿಗೆ ಬೂತು ಕೊಡುತ್ತಿದ್ದ ಕಾಲ ಅದು. ಹಾಗಾಗಿ ಅವರಿಗೊಂದು ಹಳದಿ ಬೋರ್ಡು, ಒಂದು ಗಾಜಿನ ಕ್ಯಾಬಿನ್ನು, ಕೆಂಪು ಅಂಕಿಗಳು ಓಡುವ ಒಂದು ಮೀಟರು ಸಿಕ್ಕಿತ್ತು.

ಅವರ ಮುಖ ನನಗೆ ಸರಿಯಾಗಿ ನೆನಪಿಲ್ಲ. ಈಗ ಬಿಡಿಸಲು ಹೇಳಿದರೆ ನಾನು ಯಾರದೋ ಅತ್ತೆಯ ಮುಖ ಬಿಡಿಸಿಯೇನು. ನೆನಪಿರುವುದು ದನಿ, ಅದರಲ್ಲೂ ಆ ದನಿ ಮಾತುಗಳನ್ನು ಆರಿಸುತ್ತಿದ್ದ ರೀತಿ. ಫೋನಿಲ್ಲದ ಮನೆಗಳ ಕರೆಗಳೆಲ್ಲ ಅವರ ಬೂತಿಗೇ ಬರುತ್ತಿದ್ದವು. ಸುದ್ದಿಯನ್ನು ಮನೆ ಮುಟ್ಟಿಸುವುದು ಅವರ ಕೆಲಸ. ಹೆರಿಗೆಯಾದರೆ ಮೊದಲು "ಇಬ್ರೂ ಚೆನ್ನಾಗಿದಾರಂತೆ" ಎನ್ನುತ್ತಿದ್ದರು, ಗಂಡೋ ಹೆಣ್ಣೋ ಆಮೇಲೆ. ಸಾವಾದರೆ ಆ ಶಬ್ದವನ್ನೇ ಬಾಯಿಗೆ ತರುತ್ತಿರಲಿಲ್ಲ. "ಒಂದ್ಸಲ ಬಂದು ಹೋಗ್ಬೇಕಂತೆ" ಎಂದಷ್ಟೇ ಹೇಳಿ, ಬಂದವರನ್ನು ಕೂರಿಸಿ, ಬಸ್ಸು ಎಷ್ಟು ಹೊತ್ತಿಗಿದೆ ಎಂದು ತಾವೇ ವಿಚಾರಿಸುತ್ತಿದ್ದರು. ಎಸ್ಟೇಟಿನ ಮೇಸ್ತ್ರಿಯೊಬ್ಬರು ಭಾನುವಾರ ಬಂದು ಮೂಡಿಗೆರೆಯಲ್ಲಿದ್ದ ಮಗಳ ಜೊತೆ ಗಂಟಲು ಹರಿಯುವಂತೆ ಮಾತಾಡುವರು. ಅವರ ವಿಷಯದಲ್ಲಿ ಮಾತ್ರ ಈ ನಯ ಇರಲಿಲ್ಲ. "ಮೇಸ್ತ್ರಿ, ನಿಮ್ಮ ದನಿ ಮೂಡಿಗೆರೆಗೆ ಹಂಗೇ ಕೇಳ್ತದೆ, ಫೋನು ಎಂತಕ್ಕೆ?"

ನಾನು ಚಿಕ್ಕಮಗಳೂರಿನ ನಮ್ಮ ಮನೆಗೆ ಫೋನ್ ಮಾಡುವ ದಿನ, ಮೊದಲು ಅವರೇ ನನ್ನ ಅಮ್ಮನ ಹತ್ತಿರ ಮಾತಾಡುತ್ತಿದ್ದರು. "ನಿಮ್ಮ ಮಗ ಉಂಡಿಲ್ಲ, ಸುಳ್ಳು ಹೇಳ್ತಾರೆ, ನಂಬಬೇಡಿ" ಎಂದು ಆಮೇಲೆ ರಿಸೀವರ್ ನನಗೆ.

ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದರೆ ರಾತ್ರಿಯವರೆಗೂ ಅವರು ಆ ಸ್ಟೂಲಿನ ಮೇಲೆ. ಬೂತಿಗೆ ಪಾಯಿಖಾನೆ ಇರಲಿಲ್ಲ. ಅವರ ಮನೆ ಗುಡ್ಡದ ಮೇಲೆ, ಹೋಗಿ ಬರಲು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಯಾರಿಗೋ ಬರಬೇಕಾದ ಕರೆ ಬಂದು ಹೋದರೆ? ಹಾಗಾಗಿ ಅವರು ನೀರು ಕುಡಿಯುತ್ತಿರಲಿಲ್ಲ. ಬೆಳಿಗ್ಗೆ ಒಂದು ಲೋಟ ಕಾಫಿ, ಬಾಗಿಲು ಹಾಕಿದ ಮೇಲೆ ನೀರು. ಇದನ್ನು ಅವರು ಯಾರಿಗೂ ಹೇಳಿಕೊಂಡವರಲ್ಲ. ನನಗೆ ತಿಳಿದದ್ದು ಬಹಳ ತಡವಾಗಿ.

ನೋವು ಮೊದಲು ಬಂದದ್ದು ಒಂದು ಮಧ್ಯಾಹ್ನ. ನಾನು ನೋಡಿದೆನೋ, ಯಾರೋ ಹೇಳಿದ್ದನ್ನು ನೋಡಿದೆ ಎಂದುಕೊಂಡಿದ್ದೇನೋ... ಕ್ಯಾಬಿನ್ನಿನೊಳಗೆ ಒಬ್ಬಳು ಹುಡುಗಿ ಯಾರೊಂದಿಗೋ ನಗುತ್ತ ಮಾತಾಡುತ್ತಿದ್ದಳು. ಹೊರಗೆ ಬೂತಕ್ಕ ಮೇಜಿನ ಮೇಲೆ ಕವುಚಿಕೊಂಡು ಎರಡೂ ಕೈಯಿಂದ ಮೇಜಿನ ಅಂಚು ಹಿಡಿದಿದ್ದರು. ಸೊಂಟದಿಂದ ತೊಡೆಯ ಕಡೆಗೆ ಇಳಿಯುವ ನೋವು. ಹುಡುಗಿ ಮಾತು ಮುಗಿಸಿ ಹೊರಗೆ ಬರುವವರೆಗೂ ಒಂದು ಶಬ್ದ ಹೊರಡಿಸಲಿಲ್ಲವಂತೆ. ಆಮೇಲೆ ಕೇಳಿದಾಗ, "ಪಾಪ, ಆ ಹುಡ್ಗಿ ಇಷ್ಟು ದಿನಕ್ಕೆ ಒಂದ್ಸಲ ನಗ್ತಿತ್ತು" ಎಂದರು.

ಊರಿನ ಡಾಕ್ಟರು ಕಲ್ಲು ಎಂದರು. ಸರಿ, ಹುರುಳಿ ಬೇಯಿಸಿದ ನೀರು, ಬಾಳೆದಿಂಡಿನ ರಸ. ಸ್ಟೀಲ್ ಲೋಟ ಎತ್ತಿ, ಮೂಗು ಹಿಡಿದು, ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ಕುಡಿದು ಮುಗಿಸಿದ ಮೇಲೆ ಮುಖದಲ್ಲೊಂದು ಜಗಳ ಗೆದ್ದ ಕಳೆ. ಒಂದು ತಿಂಗಳಾದರೂ ನೋವು ಹೋಗಿ ಬಂದು ಮಾಡುತ್ತಿದ್ದದ್ದರಿಂದ, ಕೊನೆಗೊಂದು ದಿನ ಒಬ್ಬರೇ ಘಟ್ಟ ಇಳಿದು ದೊಡ್ಡಾಸ್ಪತ್ರೆಗೆ ಹೋದರು. ರಕ್ತನಾಳಕ್ಕೆ ಬಣ್ಣದ ಔಷಧಿ ಕೊಟ್ಟು ಎಕ್ಸ್‌ರೇ ತೆಗೆದರಂತೆ. ಮರಳಿ ಬರುವಾಗ ಕೈಯಲ್ಲಿ ಕಂದು ಕವರು. ಅದರೊಳಗೆ ಫಿಲ್ಮು, ಮತ್ತು ಟೈಪು ಮಾಡಿದ ಒಂದು ಇಂಗ್ಲಿಷ್ ಹಾಳೆ.

"ಮೇಷ್ಟ್ರೆ, ನಿಮ್ಮ ಇಂಗ್ಲಿಷು ಎಂತಕ್ಕಾದ್ರೂ ಬರ್ತದಾ ನೋಡಣ" ಎಂದು ಆ ಹಾಳೆಯನ್ನು ನನ್ನ ಮುಂದೆ ಇಟ್ಟರು.

"ಡಾಕ್ಟ್ರು ಹೇಳ್ಲಿಲ್ವಾ ಅಕ್ಕ?"

"ಹೇಳಿದ್ರು. ನನ್ನ ಹಿಂದೆ ಹತ್ತು ಜನ ನಿಂತಿದ್ರು, ಅವ್ರ ಉಸಿರು ನನ್ನ ಕುತ್ತಿಗೆಗೆ ತಾಗ್ತಿತ್ತು. ಎಲ್ಲಾದಕ್ಕೂ ತಲೆ ಆಡಿಸ್ದೆ. ಮೂರು ದಾರಿ ಉಂಟು, ಮೊದಲನೇದು ಸಾಕಾಗ್ತದೆ ಅನ್ಸತ್ತೆ, ಓದಿದೋರ ಹತ್ರ ಓದಿಸ್ಕೊಂಡು ಯೋಚ್ನೆ ಮಾಡಿ ಬನ್ನಿ ಅಂದ್ರು. ಓದಿದೋರು ಅಂದ್ರೆ ನೀವೇ ಸಿಕ್ಕಿದ್ದು, ಎಂತ ಮಾಡದು."

ಹಾಳೆಯಲ್ಲಿ ಮೂರು ಕಾಲಂ ಇತ್ತು. ಮೊದಲನೆಯದರ ತಲೆಯ ಮೇಲೆ ಪೆನ್ಸಿಲ್ಲಿನ ಗುರುತೊಂದಿತ್ತು ಎಂದು ನನಗೆ ನೆನಪು. ಮಡಿಕೆಯ ಗೆರೆಯನ್ನೇ ಗುರುತು ಎಂದು ತಿಳಿದಿದ್ದೆನೋ ಏನೋ.

ಆ ಮಧ್ಯಾಹ್ನವನ್ನು ನಾನು ಈ ಹಿಂದೆಯೂ ಒಮ್ಮೆ ಬರೆದಿದ್ದೇನೆ. ಅದರಲ್ಲಿ ಹೊರಗೆ ಮಳೆ ಹುಯ್ಯುತ್ತಿದೆ, ಗಾಜಿನ ಮೇಲೆ ಹನಿ ಇಳಿಯುತ್ತಿವೆ, ಎಲ್ಲ ಬಹಳ ಚೆನ್ನಾಗಿದೆ. ಆಮೇಲೆ ಹೊಳೆಯಿತು, ಅದು ಕಾಫಿ ಕೊಯ್ಲಿನ ಕಾಲ. ಜನ ಎಲ್ಲ ತೋಟದಲ್ಲಿ ಇದ್ದದ್ದರಿಂದಲೇ ಬೂತು ಖಾಲಿ ಇತ್ತು. ಮಳೆ ನನ್ನ ಕೈವಾಡ. ಬರೆದದ್ದನ್ನು ಹರಿದು ಹಾಕಿದೆ. ಬಿಸಿಲಿತ್ತು ಎಂದೂ ಈಗ ಆಣೆ ಮಾಡಿ ಹೇಳಲಾರೆ. ಮಾತುಗಳು ಮಾತ್ರ ಬಹುಪಾಲು ಇವೇ.

ನಾನು ಮೂರನೆಯ ಕಾಲಮ್ಮಿನಿಂದ ಶುರು ಮಾಡಿದೆ. ಭಯದ್ದನ್ನು ಮೊದಲು ಹೇಳಿ ಸುಲಭದ್ದನ್ನು ಕೊನೆಗೆ ಇಡುವುದು ಪಾಠ ಮಾಡುವವನ ಚಟ.

"ಇದು ದೊಡ್ಡ ಕಲ್ಲಿಗೆ ಅಕ್ಕ. ಬೆನ್ನಲ್ಲಿ ಸಣ್ಣ ತೂತು ಮಾಡಿ, ಅಲ್ಲಿಂದ ನಳಿಗೆ ಬಿಟ್ಟು, ಕಲ್ಲು ಒಡೆದು ತೆಗೀತಾರೆ. ಹೆಚ್ಚಾಗಿ ಒಂದೇ ಸಲಕ್ಕೆ ಮುಗೀತದೆ. ಆದ್ರೆ ಪ್ರಜ್ಞೆ ತಪ್ಪಿಸ್ಬೇಕು, ರಕ್ತ ಹೋಗಬಹುದು, ಕೆಲವು ದಿನ ಅಲ್ಲೇ ಇರ್ಬೇಕು."

"ಕಾಫಿಗಿಡಕ್ಕೆ ಬೋರರ್ ಹುಳ ಬಿದ್ದಂಗೆ" ಎಂದರು. ಕಾಂಡ ಕೊರೆದು ಒಳಗೆ ಹೋಗುವ ಆ ಹುಳದ ಹೆಸರು ತೋಟದಲ್ಲಿ ಎಲ್ಲರ ಬಾಯಲ್ಲಿರುತ್ತದೆ.

"ಬೋರರ್ ಗಿಡ ಕೊಲ್ತದೆ, ಇದು ಬದುಕಿಸ್ತದೆ."

"ಗಿಡನ ಕೇಳಿದೀರಾ?"

ಎರಡನೆಯದಕ್ಕೆ ಬಂದಾಗ ನನ್ನ ನಾಲಿಗೆ ತೊದಲಿತು. ಮೂತ್ರ ಬರುವ ದಾರಿಯಿಂದಲೇ ಸಪೂರ ನಳಿಗೆಯನ್ನು ಮೇಲೆ ಕಳಿಸಿ ಕಲ್ಲು ಒಡೆಯುವುದು. ಮೈಮೇಲೆ ಗಾಯವಿಲ್ಲ. ಕಲ್ಲು ಮೂತ್ರಪಿಂಡದಿಂದ ಜಾರಿ ಕೆಳಗಿನ ನಾಳದಲ್ಲಿ ಸಿಕ್ಕಿಕೊಂಡವರಿಗೆ ಇದು ಒಳ್ಳೆಯದು. ಆದರೆ ಒಳಗೊಂದು ಕೊಳವೆ ಬಿಟ್ಟು ಕೆಲವು ವಾರದ ನಂತರ ಅದನ್ನು ತೆಗೆಯಲು ಮತ್ತೆ ಹೋಗಬೇಕಾದೀತು. ಇಷ್ಟನ್ನು ನಾನು ಹಾಳೆಯಿಂದ ತಲೆ ಎತ್ತದೆ ಹೇಳಿದೆ.

"ತಿಳೀತು, ತಿಳೀತು, ಮುಂದೆ ಹೋಗಿ. ಮೇಷ್ಟ್ರು ಹಣ್ಣಾದ ಕಾಫಿ ಹಂಗೆ ಕೆಂಪಗಾಗಿದೀರಿ" ಎಂದು ಅವರು ನಕ್ಕರು. ಆಮೇಲೆ ಯೋಚಿಸಿ, "ಒಳಗೆ ಕೊಳವೆ ಇಟ್ಕೊಂಡು ಈ ಸ್ಟೂಲ್ ಮೇಲೆ ಕೂರದಾ? ಅದೂ ಎರಡೆರಡು ಸಲ ಬೂತಿಗೆ ಬಾಗಿಲು" ಎಂದರು. ಅವರ ಅಳತೆಗೋಲು ಅದು, ಬೂತು ಎಷ್ಟು ದಿನ ಮುಚ್ಚಬೇಕು.

"ಹಾಗಾದ್ರೆ ಮೊದಲನೇದು ನಿಮಗೆ ಹೇಳಿ ಮಾಡ್ಸಿದ ಹಾಗಿದೆ" ಎಂದು ನಾನು ಎದೆಯುಬ್ಬಿಸಿದೆ. "ಕೊಯ್ಯೋದಿಲ್ಲ, ತೂತಿಲ್ಲ, ನಳಿಗೆ ಇಲ್ಲ. ಸುಮ್ನೆ ಮಲಗ್ಸಿ ಹೊರಗಿಂದಲೇ ಶಾಕ್ ಕೊಡ್ತಾರೆ. ಒಳಗೆ ಕಲ್ಲು ಪುಡಿಪುಡಿ. ಆಮೇಲೆ ಆ ಪುಡಿ ಮೂತ್ರದಲ್ಲಿ ತಾನೇ ಹೋಗ್ತದೆ. ಅದೇ ದಿನವೋ ಮಾರನೇ ದಿನವೋ ಮನೆಗೆ ಬರಬಹುದು."

"ಶಾಕಾ?"

"ಹೂಂ ಅಕ್ಕ, ಶಾಕ್."

"ಮೈ ಅದುರ್ತದಾ?"

ನನಗೆ ಗೊತ್ತಿರಲಿಲ್ಲ. ಹಾಳೆಯಲ್ಲಿ ಅದರ ಬಗ್ಗೆ ಏನೂ ಇರಲಿಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಸ್ವಲ್ಪ ಅದುರಬಹುದು, ಸಾವಿರಗಟ್ಟಲೆ ಸಲ ಕೊಡ್ತಾರಲ್ಲ" ಎಂದೆ.

ಅವರು ಹಾಳೆ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿದರು. ಅಷ್ಟರಲ್ಲಿ ಯಾರೋ ಬೆಂಗಳೂರಿಗೆ ಫೋನ್ ಮಾಡಲು ಬಂದರು. ಬೂತಕ್ಕ ನಂಬರ್ ಒತ್ತುತ್ತಿದ್ದ ಬೆರಳುಗಳನ್ನು ನಾನು ನೋಡಿದೆ, ತಪ್ಪಾಯಿತು, ಮತ್ತೆ ಮೊದಲಿನಿಂದ ಒತ್ತಿದರು. ಅವರು ನಂಬರ್ ತಪ್ಪಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಈ ವಿವರ ನಿಜವೋ, ಆಮೇಲೆ ತಿಳಿದದ್ದರಿಂದ ನಾನು ಹಿಂದಕ್ಕೆ ಹೋಗಿ ಇಟ್ಟದ್ದೋ...

ಅವರು ಆಸ್ಪತ್ರೆಗೆ ಹೋಗಲಿಲ್ಲ. ಕೇಳಿದರೆ "ಕೊಯ್ಲು ಮುಗೀಲಿ" ಎಂದರು. ಕೊಯ್ಲು ಮುಗಿಯಿತು. "ಹೊರನಾಡಿಗೆ ಹೋಗೋರ ಸೀಸನ್ನು, ಬೂತು ಬಿಟ್ಟು ಹೆಂಗೆ ಹೋಗದು" ಎಂದರು. "ನಾಲ್ಕು ದಿನ ನಾನು ಕೂರ್ತೀನಿ ಅಕ್ಕ" ಎಂದರೆ, "ನೀವು ಕೂತ್ರೆ ಸತ್ತ ಸುದ್ದಿನ ಸತ್ರು ಅಂತಾನೇ ಹೇಳ್ಬಿಡ್ತೀರಿ" ಎಂದು ಬಾಯಿ ಮುಚ್ಚಿಸಿದರು. ಈ ನಡುವೆ ನೋವು ನಿಂತಿತ್ತು. ಬಾಳೆದಿಂಡು ಗೆದ್ದಿತು ಎಂದು ಅವರೂ ನಾನೂ ಒಪ್ಪಿಕೊಂಡೆವು. ಕೆಲವೊಮ್ಮೆ ಕಲ್ಲು ದಾರಿ ಕಟ್ಟಿ ಕೂತು ಮೂತ್ರಪಿಂಡ ಊದಿಕೊಂಡರೂ ನೋವು ಕಾಣಿಸದೆ ಇರಬಹುದೆಂದು ನಮ್ಮಿಬ್ಬರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೀಗೆ ಹತ್ತಿರ ಹತ್ತಿರ ಒಂದು ವರ್ಷ.

ಆಮೇಲೆ ಚಳಿಜ್ವರ ಶುರುವಾಯಿತು. ಬರುವುದು, ಎರಡು ದಿನ ಇದ್ದು ಹೋಗುವುದು. ಒಂದು ಭಾನುವಾರ ಮಗಳಿಗೆ ಫೋನ್ ಮಾಡಿ ಹೊರಗೆ ಬಂದ ಮೇಸ್ತ್ರಿಯನ್ನು ರಸ್ತೆಯ ಆಚೆಗೆ ಕರೆದು ಹೇಳಿದೆ: ನಿಮ್ಮ ಮಾತನ್ನಾದರೂ ಕೇಳುತ್ತಾರೇನೋ, ನೀವೊಮ್ಮೆ ಬುದ್ಧಿ ಹೇಳಿ, ಇಷ್ಟು ಸುಲಭದ ಚಿಕಿತ್ಸೆ ಇಟ್ಟುಕೊಂಡು ಹಟ ಮಾಡುತ್ತಿದ್ದಾರೆ, ಬರೀ ಶಾಕ್ ಕೊಟ್ಟು ಕಳಿಸುತ್ತಾರೆ.

ಮೇಸ್ತ್ರಿ ಬೀಡಿ ಹಚ್ಚಲು ಹೊರಟವರು ನಿಲ್ಲಿಸಿದರು. "ಶಾಕ್ ಅಂದ್ರಾ? ಅವ್ರ ಹತ್ರ?"

"ಹೌದು."

"ಎಂತ ಕೆಲ್ಸ ಮಾಡಿದ್ರಿ ಸಾರ್... ಅವ್ರ ಯಜಮಾನ್ರು ಹೋಗಿದ್ದು ಹೆಂಗೆ ಅಂತ ನಿಮ್ಗೆ ಗೊತ್ತಿಲ್ವಾ?"

"ಮರದಿಂದ ಬಿದ್ದು."

"ಬಿದ್ದಿದ್ರೆ ಬದುಕ್ತಿದ್ರೋ ಏನೋ ಮಾರಾಯ್ರೆ. ಅಲ್ಯೂಮಿನಿಯಂ ಏಣಿ ಎತ್ತಿ ಪಕ್ಕದ ಮರಕ್ಕೆ ಇಡಕ್ಕೆ ಹೋದ್ರು, ಕರೆಂಟ್ ಲೈನಿಗೆ ತಾಗ್ತು. ಏಣಿ ಹಿಡ್ಕೊಂಡೇ ಇದ್ರು, ಬಿಡಕ್ಕೆ ಆಗ್ಲಿಲ್ಲ. ಈಯಮ್ಮ ಕಣದಲ್ಲಿ ಕಾಫಿ ಒಣಗಿಸ್ತಿದ್ರು, ಓಡಿ ಬಂದ್ರು. ಮುಟ್ಟಕ್ಕೆ ಹೋದೋರ್ನ ನಾನೇ ಸೊಂಟ ಹಿಡ್ದು ಎಳ್ಕೊಂಡಿದ್ದು. ಮೈ ಹೆಂಗೆ ಅದುರ್ತಿತ್ತು ಅಂತ ಅವ್ರು ನೋಡಿದಾರೆ."

ಅದುರುವ ಮಾತು ಮೇಸ್ತ್ರಿಯೇ ಆಡಿದರು. ಇದನ್ನು ಮಾತ್ರ ನಾನು ಸೇರಿಸಿದ್ದಲ್ಲ.

ನಾನು ರಸ್ತೆ ದಾಟಿ ನೇರ ಬೂತಿಗೆ ಹೋದೆ. ಅವರು ಹಳೆಯ ಪತ್ರಿಕೆಯ ಉಂಡೆಯಿಂದ ಕ್ಯಾಬಿನ್ನಿನ ಗಾಜು ಒರೆಸುತ್ತಿದ್ದರು. ಗಂಡನ ವಿಷಯ ಎತ್ತುವ ಧೈರ್ಯವಾಗಲಿಲ್ಲ. "ಅಕ್ಕ, ನಾನು ಅವತ್ತು ತಪ್ಪು ಹೇಳ್ದೆ. ಅದು ಕರೆಂಟಲ್ಲ. ಶಬ್ದ. ಕುದುರೆಮುಖದ ಗಣಿಯಲ್ಲಿ ಬಂಡೆ ಸಿಡಿಸಿದ್ರೆ ದೂರದಲ್ಲಿ ಪಾತ್ರೆ ಅದುರ್ತದೆ ಅಂತಾರಲ್ಲ, ಅಂಥದ್ದು. ಶಬ್ದದ ಪೆಟ್ಟು ಕಲ್ಲಿಗೆ ಹೋಗಿ ತಾಗ್ತದೆ, ಅಷ್ಟೆ. ಇಂಗ್ಲಿಷಲ್ಲಿ ಅದನ್ನ ಶಾಕ್ ವೇವ್ ಅಂತ ಬರೆದಿದಾರೆ. ಕರೆಂಟ್ ನಿಮ್ಮ ಮೈಗೆ ತಾಗೋದೇ ಇಲ್ಲ."

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. ಹೊರನಾಡಿನ ಬಸ್ಸು ಹಾರನ್ ಹೊಡೆಯುತ್ತ ಹೋಯಿತು. ಆ ಶಬ್ದದ ಕೆಳಗೆ ಅವರೊಂದು ಮಾತು ಹೇಳಿದರು. "ಗೊತ್ತಾಯ್ತು" ಎಂದರೋ, "ಗೊತ್ತಿತ್ತು" ಎಂದರೋ. ಮೊದಲನೆಯದಾದರೆ ಅವರ ಆ ವರ್ಷವನ್ನು ಹಾಳು ಮಾಡಿದವನು ನಾನು. ಎರಡನೆಯದಾದರೆ ಅವರು ಬೇರೆ ಯಾವುದಕ್ಕೋ ಹೆದರಿ ಕೂತಿದ್ದರು, ಇಲ್ಲವೇ ನನ್ನ ಮುಖ ನೋಡಲಾರದೆ ನನ್ನನ್ನು ಉಳಿಸಲು ಹಾಗೆಂದರು. ಒಂದು ಅಕ್ಷರದಷ್ಟು ವ್ಯತ್ಯಾಸ. ಇನ್ನೊಮ್ಮೆ ಹೇಳಿ ಎಂದು ನಾನು ಕೇಳಲಿಲ್ಲ.

ಇನ್ನೊಂದನ್ನು ಇಲ್ಲಿಯೇ ಹೇಳಿಬಿಡಬೇಕು. ಬಹಳ ವರ್ಷಗಳ ನಂತರ ಎಲ್ಲೋ ಓದಿದೆ: ಆಗಿನ ಕೆಲವು ಯಂತ್ರಗಳಲ್ಲಿ ಆ ಶಬ್ದವನ್ನು ಹುಟ್ಟಿಸುತ್ತಿದ್ದದ್ದು ನೀರಿನೊಳಗೆ ಹೊಡೆಯುವ ವಿದ್ಯುತ್ ಕಿಡಿಯಂತೆ. ಮೈಗೆ ತಾಗುವುದಿಲ್ಲ ಎಂಬುದು ನಿಜ. ಕರೆಂಟಲ್ಲ ಎಂದದ್ದು ಸುಳ್ಳು. ತಿದ್ದುಪಡಿಯೂ ಅರ್ಧವೇ ಸರಿಯಾಗಿತ್ತು.

ಆ ವಾರವೇ ಅವರು ಹೊರಟರು. ಬೂತಿನ ಬಾಗಿಲಿಗೆ "ಒಂದು ವಾರ ಫೋನ್ ಇಲ್ಲ" ಎಂದು ನಾನೇ ರಟ್ಟಿನ ಮೇಲೆ ಬರೆದು ತೂಗುಹಾಕಿದೆ. ಕೊಪ್ಪದಲ್ಲಿದ್ದ ಅವರ ಅಕ್ಕ ನೇರ ಆಸ್ಪತ್ರೆಗೆ ಬರುವವರಿದ್ದರು. ಅಲ್ಲಿಯವರೆಗೆ ನಾನು ಜೊತೆಗೆ. ಬಸ್ಸು ಕುದುರೆಮುಖದಲ್ಲಿ ಹತ್ತು ನಿಮಿಷ ನಿಂತಿತು. ಗಣಿ ಕಂಪನಿಯ ಊರು ಆಗಿನ್ನೂ ತುಂಬಿ ತುಳುಕುತ್ತಿತ್ತು, ಗುಡಿಸಿದ ರಸ್ತೆ, ಸಾಲು ದೀಪದ ಕಂಬ. ಅವರು ಇಳಿದು ಹೋಗಿ ಬಂದು, ಸೀಟಿನಲ್ಲಿ ಕೂತು, ನನ್ನ ಬಾಟಲಿ ಇಸಿದುಕೊಂಡು ಅಷ್ಟೂ ನೀರನ್ನು ಒಂದೇ ಉಸಿರಿಗೆ ಕುಡಿದರು. "ಇಲ್ಲಿ ಪಾಯಿಖಾನೆ ಎಷ್ಟು ಚೊಕ್ಕ ಇದೆ ಮೇಷ್ಟ್ರೆ. ಬೂತಿಗೆ ಇಂಥದ್ದೊಂದಿದ್ರೆ ನಂಗೆ ಈ ಕಲ್ಲೇ ಆಗ್ತಿರ್ಲಿಲ್ಲ ಅನ್ಸತ್ತೆ" ಎಂದು, ಹಗಲೆಲ್ಲ ನೀರು ಕುಡಿಯದ ಕತೆಯನ್ನು ನಗೆಚಾಟಿಕೆಯ ಹಾಗೆ ಹೇಳಿದರು.

ಬೂತಿನ ಮೇಲಿನ ನನ್ನ ಕೋಣೆಗೆ ಬಚ್ಚಲಿತ್ತು, ಪಾಯಿಖಾನೆಯಿತ್ತು. ಬೆಳಗಿನಿಂದ ಸಂಜೆಯವರೆಗೆ ನಾನು ಕಾಲೇಜಿನಲ್ಲಿ. ಬೀಗ ಹಾಕಿಕೊಂಡು, ಬೀಗದಕೈಯನ್ನು ಜೇಬಿಗೆ ಹಾಕಿಕೊಂಡು, ಅವರ ಮುಂದೆಯೇ ಇಳಿದು ಹೋಗುತ್ತಿದ್ದೆ, ದಿನವೂ.

ಆಸ್ಪತ್ರೆಯಲ್ಲಿ ಹೊಸ ಫಿಲ್ಮು ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದಾಗ ನನಗೂ ಕಂಡಿತು. ಹಳೆಯ ಫಿಲ್ಮಿನಲ್ಲಿ ಒಂದು ಚುಕ್ಕೆಯಂತಿದ್ದದ್ದು ಈಗ ಕವಲೊಡೆದ ಜಿಂಕೆಕೊಂಬಿನ ಹಾಗೆ ಬೆಳೆದು ಮೂತ್ರಪಿಂಡದ ಒಳಗನ್ನು ತುಂಬಿತ್ತು. "ಇದಕ್ಕೆ ಮೊದಲನೇದು ಆಗಲ್ಲ" ಎಂದರು ಡಾಕ್ಟರು. "ಇಷ್ಟು ದೊಡ್ಡದನ್ನು ಹೊರಗಿಂದ ಒಡೆದ್ರೆ ಚೂರುಗಳು ಕೆಳಗಿನ ನಾಳದಲ್ಲಿ ಸಾಲಾಗಿ ಸಿಕ್ಕಿಕೊಳ್ತವೆ. ಕೆಳಗಿಂದ ನಳಿಗೆ ಬಿಟ್ರೂ ಪೂರೈಸಲ್ಲ. ಬೆನ್ನಿನ ಕಡೆಯಿಂದಲೇ ಹೋಗ್ಬೇಕು." ಆಮೇಲೆ ನನ್ನ ಕಡೆ ತಿರುಗಿ, "ಇಷ್ಟು ದಿನ ಎಲ್ಲಿದ್ರಿ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಬೂತಕ್ಕ ಹೇಳಿದರು: "ಬೂತಲ್ಲಿ."

ಸೋಮವಾರ ಪಾಠವಿದ್ದದ್ದರಿಂದ ನಾನು ಹಿಂದಿರುಗಿದೆ. ಅವರು ಹತ್ತು ದಿನದ ಮೇಲೆ ಬಂದರು, ಒಂದು ಸುತ್ತು ಇಳಿದು ಹೋಗಿದ್ದರು. ಬೆನ್ನಿಗೆ ಅಂಗೈಯಗಲದ ಪಟ್ಟಿ. "ಬೋರರ್ ತನ್ನ ಕೆಲ್ಸ ಮುಗಿಸ್ತು ಮೇಷ್ಟ್ರೆ. ಗಿಡ ನಿಂತಿದೆ." ಕಲ್ಲೆಲ್ಲ ಬಂದಿತ್ತು. ಆದರೆ ಆ ಕಡೆಯ ಮೂತ್ರಪಿಂಡ ಇನ್ನು ಅರೆಬರೆ ಕೆಲಸ ಮಾಡುವುದಷ್ಟೇ, ಇನ್ನೊಂದನ್ನು ಜೋಪಾನ ಮಾಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಅವತ್ತು ನನ್ನ ಕೋಣೆಯ ಇನ್ನೊಂದು ಬೀಗದಕೈ ಮಾಡಿಸಿ ಅವರ ಮೇಜಿನ ಮೇಲಿಟ್ಟೆ. ಮೇಸ್ತ್ರಿ ಮನೆಯ ಹಳೆಯ ಮಣ್ಣಿನ ಹೂಜಿಯೊಂದು ಬೂತಿನ ಮೂಲೆಗೆ ಬಂತು. ಸಂಜೆ ನಾನು ಕಾಲೇಜಿನಿಂದ ಬಂದಾಗ ನನ್ನ ಬಚ್ಚಲಿನ ಎರಡೂ ಬಕೆಟ್ಟುಗಳು ತುಂಬಿರುತ್ತಿದ್ದವು. ಒಮ್ಮೊಮ್ಮೆ ಕಿಟಕಿಯ ಕಟ್ಟೆಯ ಮೇಲೆ ಪುಸ್ತಕಗಳು ನೆಟ್ಟಗೆ ನಿಂತಿರುತ್ತಿದ್ದವು, ಉದ್ದದವು ಒಂದು ಕಡೆ, ಗಿಡ್ಡವು ಒಂದು ಕಡೆ. ನನಗೆ ಬೇಕಾದದ್ದು ಸಿಗುತ್ತಿರಲಿಲ್ಲ. ಈಗಲೂ ಯಾವುದಾದರೂ ಊರಿನ ಖಾಲಿ ಕೋಣೆಗೆ ಹೋದಾಗ, ತುಂಬಿದ ಬಕೆಟ್ಟೊಂದು ಕಂಡರೆ... ಆದರೆ ಅಂಥ ಮಾತುಗಳನ್ನು ಬೆಳೆಸಬಾರದು.

ಮುಂದಿನ ವರ್ಷ ನನ್ನ ನೇಮಕ ಮುಂದುವರಿಯಲಿಲ್ಲ. ಚಿಕ್ಕಮಗಳೂರಿಗೆ ಬಂದೆ. ಮೊದಮೊದಲು ವಾರಕ್ಕೊಮ್ಮೆ ಬೂತಿಗೆ ಫೋನ್ ಮಾಡುತ್ತಿದ್ದೆ. ಅವರು ರಿಸೀವರ್ ಎತ್ತಿ "ಹಲೋ, ಕಳಸ" ಎನ್ನುತ್ತಿದ್ದರು, ಇಡೀ ಊರು ತಾವೇ ಎಂಬಂತೆ. ಅದೊಂದನ್ನು ಕೇಳಲಿಕ್ಕೇ ಎಷ್ಟೋ ಸಲ ಮಾಡಿದ್ದುಂಟು. "ನೀರು ಕುಡೀತಿದೀರಾ?" ಎಂದರೆ, "ಹೊಸ ಬಾಡಿಗೆಯವ್ರು ಬೀಗದಕೈ ಇಸ್ಕೊಂಡ್ರು ಮಾರಾಯ್ರೆ, ಆದ್ರೂ ಕುಡೀತೀನಿ" ಎಂದರು ಒಮ್ಮೆ. ಆ ಕೋಣೆಯ ಮಾಲೀಕರ ಹತ್ತಿರ ಒಂದು ಮಾತು ಆಡಿ ಬರಬಹುದಿತ್ತು. ಬಿಡುವಾಗಲಿಲ್ಲ. ವಾರ ಹೋಗಿ ತಿಂಗಳಾಯಿತು, ತಿಂಗಳು ಹೋಗಿ ಹಬ್ಬಕ್ಕೊಮ್ಮೆ. ಎಲ್ಲರ ಕೈಗೂ ಮೊಬೈಲು ಬಂತು. ಒಂದು ಸಲ ಮಾಡಿದಾಗ ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಕುದುರೆಮುಖದ ಗಣಿ ನಿಂತ ಮೇಲಿನ ವರ್ಷವಿರಬೇಕು, ಪರೀಕ್ಷಾ ಕೆಲಸದ ಮೇಲೆ ಕಳಸಕ್ಕೆ ಹೋಗಿದ್ದೆ. ಬೂತಿದ್ದ ಕಡೆ ಮೊಬೈಲ್ ಕರೆನ್ಸಿ ಹಾಕುವ ಅಂಗಡಿ. ಗಾಜಿನ ಕ್ಯಾಬಿನ್ನಿನಲ್ಲಿ ಸಿಮ್ ಕಾರ್ಡಿನ ಪೋಸ್ಟರುಗಳನ್ನು ಅಂಟಿಸಿದ್ದರು. ಅಲ್ಲಿದ್ದವನನ್ನು ಕೇಳಿದೆ.

"ಬೂತಕ್ಕನಾ? ಅವ್ರು ಬೂತು ಮುಚ್ಚಿ ಕೊಪ್ಪಕ್ಕೆ ಅಕ್ಕನ ಮನೆಗೆ ಹೋದ್ರು ಸಾರ್. ಅಲ್ಲೇ ತೀರಿಕೊಂಡ್ರಂತೆ, ವರ್ಷ ಆಯ್ತು."

"ಎಂತಾಗಿ?"

"ಸರಿ ಗೊತ್ತಿಲ್ಲ. ಕಿಡ್ನಿ ಅಂತ ಒಬ್ರು ಹೇಳ್ತಾರೆ, ಹಾರ್ಟು ಅಂತ ಒಬ್ರು. ನಿಮ್ಗೆ ಕರೆನ್ಸಿ ಬೇಕಿತ್ತಾ?"

ಕಳಸದಿಂದ ಕೊಪ್ಪ ದೂರವಲ್ಲ. ಬಸ್ಸೂ ಇತ್ತು, ನಿಂತಿತ್ತು, ಹತ್ತಿಕೊಳ್ಳಬಹುದಿತ್ತು. ಅವರ ಅಕ್ಕನ ಮನೆ ಹುಡುಕುವುದು ಅಂಥ ಕಷ್ಟವೇನಲ್ಲ. ಕಿಡ್ನಿಯೋ ಹಾರ್ಟೋ ಎಂಬುದಕ್ಕೆ ಉತ್ತರ ಅಲ್ಲಿ ಸಿಗುತ್ತಿತ್ತು. ನಾನು ಬಾಳೆಹೊನ್ನೂರಿನ ಮೇಲೆ ಹೋಗುವ ಚಿಕ್ಕಮಗಳೂರು ಬಸ್ಸು ಹತ್ತಿದೆ.

ಕಳೆದ ತಿಂಗಳು ಸ್ಕ್ಯಾನ್ ರಿಪೋರ್ಟು ನೋಡಿದ ಡಾಕ್ಟರು ನನ್ನ ಮಗಳ ವಯಸ್ಸಿನವರು. ನನ್ನದು ಸಣ್ಣ ಕಲ್ಲು, ಏನೂ ಮಾಡಬೇಕಾಗಿಲ್ಲ, ನೀರು ಕುಡಿಯಿರಿ, ತಾನೇ ಹೋಗುತ್ತದೆ ಎಂದರು. ನಾನು ಎದ್ದವನು ಮತ್ತೆ ಕೂತೆ. ಹೆಸರು ಹೇಳದೆ, ಇನ್ನೊಬ್ಬರ ಕಲ್ಲಿನ ವಿಷಯ ಕೇಳಿದೆ. ಆಗ, ಚುಕ್ಕೆಯಷ್ಟಿದ್ದಾಗ, ಹೊರಗಿನಿಂದ ಒಡೆದಿದ್ದರೆ ಅವರ ಮೂತ್ರಪಿಂಡ ಉಳಿಯುತ್ತಿತ್ತೇ?

"ಹಳೇ ಫಿಲ್ಮ್ ಇದ್ಯಾ?"

"ಇಲ್ಲ."

"ಹಾಗಾದ್ರೆ ಹೇಳೋಕಾಗಲ್ಲ ಸರ್. ಪುಡಿಯಾಗಿ ಹೋಗಿರ್ತಿತ್ತೋ ಏನೋ. ಕಲ್ಲು ಗಟ್ಟಿ ಇದ್ರೆ ಎಷ್ಟು ಸಲ ಕೊಟ್ರೂ ಒಡೀತಿರ್ಲಿಲ್ಲ. ಇನ್‌ಫೆಕ್ಷನ್ ಇಂದ ಆಗೋ ಕಲ್ಲಾಗಿದ್ರೆ, ಒಂದು ಚೂರು ಒಳಗೆ ಉಳಿದ್ರೂ ಮತ್ತೆ ಬೆಳೀತಿತ್ತು. ಕೊನೆಗೆ ಬೆನ್ನಿನ ಆಪರೇಷನ್ನೇ ಆಗ್ತಿತ್ತೋ ಏನೋ. ಇಷ್ಟು ವರ್ಷದ ಮೇಲೆ ಯಾರೂ ಹೇಳೋಕಾಗಲ್ಲ." ಆಮೇಲೆ, ಸೌಜನ್ಯಕ್ಕೆ, "ಅವ್ರು ನಿಮಗೆ ಏನಾಗ್ಬೇಕು?" ಎಂದರು.

ಕೆಳಗಿನ ಮನೆಯವರು ಎಂದೆ. ಅದೂ ಸರಿಯಲ್ಲ, ಅವರ ಮನೆ ಗುಡ್ಡದ ಮೇಲಿತ್ತು. ತಿದ್ದಲು ಹೋಗಲಿಲ್ಲ.

ಅವರು ಆ ಒಂದು ವರ್ಷ ಹೋಗದೆ ಉಳಿದದ್ದು ನನ್ನ ಬಾಯಿಂದ ಬಂದ ಮಾತಿಗೋ, ಬೂತಿಗೋ, ಸುಮ್ಮನೆ ಒಬ್ಬರೇ ಇದ್ದ ಹೆಂಗಸಿಗೆ ಇರುವ ಹೆದರಿಕೆಗೋ, ನನಗೆ ಗೊತ್ತಿಲ್ಲ. ಕೊಪ್ಪದಲ್ಲಿ ಅವರು ಯಾವುದರಿಂದ ತೀರಿಕೊಂಡರು, ಗೊತ್ತಿಲ್ಲ. ತಿಳಿದುಕೊಳ್ಳಬಹುದಾಗಿದ್ದ ದಿನಗಳಲ್ಲಿ ನಾನು ಕೇಳಲಿಲ್ಲ. ಈಗ ಕೇಳುವ ಎಂದರೆ ಅವರ ಅಕ್ಕ ಇದ್ದಾರೋ ಇಲ್ಲವೋ, ಅದೂ ಗೊತ್ತಿಲ್ಲ.